ಇಲಿ, ಬಾವಲಿ ಓದಿದರೆ ಹೊಟ್ಟೆ ತುಂಬುತ್ತದೆಯೇ?

ಪ್ರಶ್ನೆ: ನಾನು ಮಲೆನಾಡಿನ ಅಡಿಕೆ ತೋಟದ ಮನೆಯವಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಮ್ಯೂಸಿಯಂನಲ್ಲಿ ಸಸ್ತನಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ ಆಗಬೇಕೆಂಬ ಆಸೆ ಇದೆ. ಮನೆಯಲ್ಲಿ ಹೇಳಿದಾಗ ನನ್ನ ಮಾವ, "ಹುಲಿಗೆ ಹುಲ್ಲು ತುಂಬೋ ಕೆಲಸಕ್ಕೆ ಪಿಎಚ್.ಡಿ. ಯಾಕಮ್ಮಾ?" ಅಂದರು. ಅಮ್ಮನಿಗೆ ಕೆಲಸ ಸಿಗುತ್ತೋ ಇಲ್ಲವೋ ಎಂಬ ಚಿಂತೆ, ಜೊತೆಗೆ ರಾತ್ರಿ ಹೊತ್ತು ಕಾಡಲ್ಲಿ ಓಡಾಡಬೇಕಲ್ಲ ಎಂಬ ಭಯ. ಈಗ ಎಲ್ಲವೂ ಡಿಎನ್‌ಎ, ಹಳೇ ಚರ್ಮ ಯಾರಿಗೆ ಬೇಕು ಎನ್ನುತ್ತಾರೆ ಗೆಳತಿಯರು. ನನ್ನ ಚಿಂತೆಯೇ ಬೇರೆ. ಈ ಕೆಲಸದಲ್ಲಿ ಪ್ರಾಣಿಗಳನ್ನು ಕೊಲ್ಲಬೇಕಾ? ಹೋದ ತಿಂಗಳು ನಮ್ಮೂರ ರಸ್ತೆಯಲ್ಲಿ ಒಂದು ಪುನುಗು ಬೆಕ್ಕು ವಾಹನಕ್ಕೆ ಸಿಕ್ಕಿ ಸತ್ತಿತ್ತು. ತಲೆಬುರುಡೆ ಇಟ್ಟುಕೊಳ್ಳೋಣ ಅನಿಸಿತು, ಆದರೆ ಧೈರ್ಯ ಬರಲಿಲ್ಲ. ತರಬಹುದಿತ್ತಾ? ಮನೆ ಹತ್ತಿರದ ಪಾಳು ದೇವಸ್ಥಾನದಲ್ಲಿ ಬಾವಲಿಗಳಿವೆ. ಅಲ್ಲಿಂದಲೇ ಏನಾದರೂ ಶುರು ಮಾಡಬಹುದಾ?

ಉತ್ತರ: ನಿಮ್ಮ ಮಾವನ ಮಾತಿನಿಂದಲೇ ಶುರು ಮಾಡೋಣ. ಅವರು ಹಾಗೆ ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ರಾಜ್ಯದಲ್ಲಿ ಸತ್ತ ಪ್ರಾಣಿಯ ಚರ್ಮದ ಕೆಲಸ ಎಂದರೆ ಹಳಬರಿಗೆ ನೆನಪಾಗುವುದು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ. 1900ರ ಸುಮಾರಿಗೆ ಶುರುವಾದ ಅದು 1999ರಲ್ಲಿ ಬಾಗಿಲು ಹಾಕಿತು. ರಾಜರು, ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಹುಲಿ ಚಿರತೆಗಳಿಗೆ ಅಲ್ಲಿ ಗಾಜಿನ ಕಣ್ಣಿಟ್ಟು, ಈಗಲೇ ಎಗರುತ್ತವೇನೋ ಎನ್ನುವ ಹಾಗೆ ನಿಲ್ಲಿಸುತ್ತಿದ್ದರು. ಅದು ದೊಡ್ಡ ಕಸುಬು, ಅನುಮಾನವೇ ಇಲ್ಲ. ಆದರೆ ನೀವು ಮಾಡಬೇಕೆಂದಿರುವ ಕೆಲಸ ಅದಲ್ಲ.

ಮ್ಯೂಸಿಯಂನಲ್ಲಿ ನಾವು ತಯಾರು ಮಾಡುವ ಚರ್ಮಕ್ಕೆ ಗಾಜಿನ ಕಣ್ಣಿರುವುದಿಲ್ಲ. ಕಣ್ಣಿನ ಜಾಗದಲ್ಲಿ ಒಳಗಿನ ಬಿಳಿ ಹತ್ತಿ ಕಾಣುತ್ತದೆ. ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಮೈಗೆ ಒತ್ತಿ, ಡ್ರಾಯರಿನಲ್ಲಿ ಸಾಲಾಗಿ ಮಲಗಿಸಿರುತ್ತೇವೆ. ಪಕ್ಕದಲ್ಲಿ ಪುಟ್ಟ ಡಬ್ಬಿಯಲ್ಲಿ ಅದರ ತಲೆಬುರುಡೆ. ಇಲಿಯದಾದರೆ ಅಡಿಕೆಗಿಂತ ಸ್ವಲ್ಪ ಉದ್ದ ಇರುತ್ತದೆ, ಅಷ್ಟೇ. ಕಾಲಿಗೆ ದಾರದಲ್ಲಿ ಕಟ್ಟಿದ ಒಂದು ಲೇಬಲ್. ಎಲ್ಲಿ, ಯಾವಾಗ, ಯಾರಿಗೆ ಸಿಕ್ಕಿತು, ಗಂಡೋ ಹೆಣ್ಣೋ, ಮೈ ಉದ್ದ, ಬಾಲ, ಹಿಂಗಾಲು, ಕಿವಿ, ತೂಕ, ಇಷ್ಟು ಅದರಲ್ಲಿರಬೇಕು. ಆ ಲೇಬಲ್ ಹೋದರೆ ಚರ್ಮಕ್ಕೆ ಬೆಲೆಯೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಸ್ಥೆಯಲ್ಲಿ ಮಳೆಗಾಲಕ್ಕೆ ಚಾವಣಿ ಸೋರಿ, ಒಂದು ಕಪಾಟಿನ ಲೇಬಲ್‌ಗಳ ಶಾಯಿ ಅಳಿಸಿಹೋಗಿತ್ತು. ಚರ್ಮಗಳು ಚೆನ್ನಾಗಿಯೇ ಇದ್ದವು. ಆದರೆ ಯಾವ ಊರಿನವು, ಯಾವ ವರ್ಷದವು ಅಂತ ಹೇಳುವವರು ಯಾರೂ ಇರಲಿಲ್ಲ. ಇಷ್ಟು ವರ್ಷದ ಮೇಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಆ ಡ್ರಾಯರಿನಿಂದ ಉಪಯೋಗ ಏನು? ನಿಮ್ಮ ಮಾವನಿಗೆ ಈ ಕಥೆ ಹೇಳಿ. 1948ರಲ್ಲಿ ಆಂಗಸ್ ಹಟನ್ ಎಂಬ ಪ್ಲಾಂಟರ್ ತಮಿಳುನಾಡಿನ ಹೈ ವೇವಿ ಬೆಟ್ಟಗಳಲ್ಲಿ ಒಂದು ಹಣ್ಣುಬಾವಲಿಯನ್ನು ಹಿಡಿದರು. ಅದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹಕ್ಕೆ ಬಂತು. ಊರೂರಲ್ಲೂ ಕಾಣುವ ಗಿಡ್ಡ ಮೂಗಿನ ಹಣ್ಣುಬಾವಲಿ ಎಂದುಕೊಂಡು ಅದೇ ಹೆಸರು ಬರೆದಿಟ್ಟರು. 24 ವರ್ಷ ಅದು ಹಾಗೆಯೇ ಇತ್ತು. 1972ರಲ್ಲಿ ಥಾಯ್ಲೆಂಡಿನ ವಿಜ್ಞಾನಿ ಕಿಟ್ಟಿ ಥಾಂಗ್‌ಲಾಂಗ್ಯ ಅದನ್ನು ಕೈಗೆತ್ತಿಕೊಂಡು ನೋಡಿದರು. ಗಿಡ್ಡ ಮೂಗಿನ ಬಾವಲಿಗೆ ಚಿಕ್ಕದೊಂದು ಬಾಲ ಇರುತ್ತದೆ. ಇದಕ್ಕೆ ಬಾಲವೇ ಇರಲಿಲ್ಲ. ಹಲ್ಲುಗಳೂ ಬೇರೆ. ಅದು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ (ಹತ್ತಿರದ ಪ್ರಭೇದಗಳ ಗುಂಪು) ಆಗಿತ್ತು. ಲ್ಯಾಟಿಡೆನ್ಸ್ ಸಲೀಮಾಲಿ ಎಂದು ಹೆಸರಿಟ್ಟರು. ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರು ಹೊತ್ತ ಬಾವಲಿ ಅದೇ. ಹಿಡಿದವರು ಒಬ್ಬರು, ಹೆಸರು ಬರೆದವರು ಇನ್ನೊಬ್ಬರು, ಗುರುತಿಸಿದವರು ಮತ್ತೊಬ್ಬರು. ನಡುವಿನ 24 ವರ್ಷ ಅದನ್ನು ಹುಳು ಹಿಡಿಯದ ಹಾಗೆ ಕಾಪಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರೂ ಇಲ್ಲದಿದ್ದರೆ ಈ ಕಥೆಯೇ ಇಲ್ಲ, ಅಲ್ವಾ?

ನಮ್ಮ ನೆಲದ ಕಥೆಗಳೂ ಇವೆ. ಅದೇ ಸೊಸೈಟಿ 1911ರಲ್ಲಿ ಸಸ್ತನಿ ಸಮೀಕ್ಷೆ ಶುರು ಮಾಡಿತು. ಜಿ.ಸಿ. ಶಾರ್ಟ್‌ರಿಜ್ ಎಂಬ ಸಂಗ್ರಾಹಕ ಧಾರವಾಡ, ಕೆನರಾ, ಕೊಡಗು ಎಲ್ಲ ಸುತ್ತಿ ಇಲಿ, ಅಳಿಲು, ಬಾವಲಿಗಳನ್ನು ಕೂಡಿಸಿದರು. ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಎಂಬ ಗುಹೆ ಇದೆ. ಅಲ್ಲಿ ಸಿಕ್ಕಿದ ದೊಡ್ಡ ಕಿವಿಯ ಬಾವಲಿಗೆ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೆಸರಿಟ್ಟರು. ಎಷ್ಟೋ ದಶಕಗಳ ಕಾಲ ಜಗತ್ತಿನಲ್ಲಿ ಆ ಬಾವಲಿ ಇರುವುದು ಆ ಒಂದು ಗುಹೆಯಲ್ಲಿ ಮಾತ್ರ ಎಂದೇ ನಂಬಿದ್ದರು. ಇನ್ನೊಂದು ಕೋಲಾರದ್ದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್.ಆರ್. ಭಟ್ ಮತ್ತು ಜರ್ಮನಿಯ ಸೆಂಕೆನ್‌ಬರ್ಗ್ ಮ್ಯೂಸಿಯಂನ ಡೀಟರ್ ಕಾಕ್ ಸೇರಿ 1994ರಲ್ಲಿ ಕೋಲಾರ ಜಿಲ್ಲೆಯ ಒಂದು ಎಲೆಮೂಗಿನ ಬಾವಲಿಯನ್ನು ಹೊಸ ಪ್ರಭೇದ ಎಂದು ವರ್ಣಿಸಿದರು. ಈಗ ಅದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, ತೀರಾ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ. ಸುತ್ತಮುತ್ತ ಗ್ರಾನೈಟ್ ಕಲ್ಲು ತೆಗೆಯುವ ಜಾಗ. ಯಾರೋ ಇಬ್ಬರು ಕೂತು ತಲೆಬುರುಡೆ ಅಳೆದು "ಇದು ಬೇರೆ" ಎಂದು ಹೇಳದೇ ಇದ್ದಿದ್ದರೆ, ಆ ಗುಹೆ ಹೋದರೂ ಏನು ಕಳೆದುಕೊಂಡೆವು ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನು ನಿಮ್ಮ ಗೆಳತಿಯರ ಮಾತು. ಡಿಎನ್‌ಎ ಬಂದ ಮೇಲೆ ಹಳೇ ಚರ್ಮಗಳಿಗೆ ಬೆಲೆ ಕಡಿಮೆಯಾಗಲಿಲ್ಲ, ಜಾಸ್ತಿ ಆಯಿತು. ಈ ಎರಡು ಪ್ರಾಣಿಗಳು ಬೇರೆ ಬೇರೆ ಎಂದು ಡಿಎನ್‌ಎ ಹೇಳುತ್ತದೆ. ಅವುಗಳಲ್ಲಿ ಹಳೆಯ ಹೆಸರು ಯಾವುದಕ್ಕೆ ಸೇರಬೇಕು ಎನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಮೊದಲು ಹೆಸರಿಟ್ಟಾಗ ಬಳಸಿದ ಮೂಲ ಮಾದರಿಯನ್ನೇ ನೋಡಬೇಕು. ನಾವು ಅದಕ್ಕೆ ಟೈಪ್ ಎನ್ನುತ್ತೇವೆ. ಕಾಲ್ಬೆರಳಿನ ತುದಿಯ ಒಂದು ಚೂರು ಚರ್ಮದಿಂದ ನೂರು ವರ್ಷ ಹಳೆಯ ಮಾದರಿಯ ಡಿಎನ್‌ಎ ತೆಗೆಯುವುದು ಈಗ ಸಾಧ್ಯ.

ಮಲಬಾರ್ ಪುನುಗು ಬೆಕ್ಕಿನ ಗೊಂದಲ ನೋಡಿ. ಎಡ್ವರ್ಡ್ ಬ್ಲೈತ್ 1862ರಲ್ಲಿ ಹೆಸರಿಟ್ಟ ಪ್ರಾಣಿ. ಆಮೇಲೆ ಬಹಳ ಕಾಲ ಪತ್ತೆಯೇ ಇಲ್ಲ. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಳಯೂರು ಕಡೆ ಚರ್ಮಗಳು ಸಿಕ್ಕಿ ಮತ್ತೆ ಆಸೆ ಹುಟ್ಟಿತು. 2010ರಲ್ಲಿ ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಬೇರೆಯೇ ಪ್ರಶ್ನೆ ಎತ್ತಿದರು. ಇದು ನಿಜಕ್ಕೂ ನಮ್ಮ ಕಾಡಿನ ಪ್ರಾಣಿಯೋ, ಅಥವಾ ಪುನುಗಿನ ವ್ಯಾಪಾರಕ್ಕಾಗಿ ಹಡಗಿನಲ್ಲಿ ಆಗ್ನೇಯ ಏಷ್ಯಾದಿಂದ ಬಂದ ದೊಡ್ಡ ಚುಕ್ಕೆಯ ಪುನುಗು ಬೆಕ್ಕೋ? ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಉತ್ತರ ಇರುವುದು ಡ್ರಾಯರುಗಳಲ್ಲಿ ಉಳಿದಿರುವ ಕೆಲವೇ ಚರ್ಮ, ಬುರುಡೆಗಳಲ್ಲಿ. ನಿಮ್ಮ ವಯಸ್ಸಿನವರಿಗೆ ಇಂಥ ಕೆಲಸ ರಾಶಿ ಬಿದ್ದಿದೆ.

ಕೊಲ್ಲುವ ವಿಷಯ. ಇದನ್ನು ನೀವಾಗಿಯೇ ಕೇಳಿದ್ದು ನನಗೆ ಇಷ್ಟವಾಯಿತು. ಹೌದು, ಕೆಲವೊಮ್ಮೆ ಕೊಲ್ಲಬೇಕಾಗುತ್ತದೆ. ಸುಮ್ನೆ "ಇಲ್ಲ" ಎಂದು ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ನಾನು ಮಾಡಿದ್ದೇನೆ. ಪ್ರತಿ ಸಲವೂ ಮನಸ್ಸು ಭಾರವಾಗಿದೆ. ಆದರೆ ಶಾರ್ಟ್‌ರಿಜ್ ಕಾಲಕ್ಕೂ ಈಗಿಗೂ ಅಜಗಜಾಂತರ. ಈಗ ಬಾವಲಿಯನ್ನು ತೆಳು ಬಲೆಯಲ್ಲಿ ಹಿಡಿದು, ಮುಂಗೈ ಮೂಳೆ ಅಳೆದು, ರೆಕ್ಕೆಯ ಪೊರೆಯಿಂದ ಕೆಲವು ಮಿಲಿಮೀಟರ್ ಅಗಲದ ಚೂರು ತೆಗೆದು ಬಿಟ್ಟುಬಿಡುತ್ತೇವೆ. ಪೊರೆ ಬೇಗ ಕೂಡಿಕೊಳ್ಳುತ್ತದೆ. ಪ್ರಾಣಿಯನ್ನೇ ಇಟ್ಟುಕೊಳ್ಳುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಹೊಸ ಪ್ರಭೇದ ಎಂಬ ಗಟ್ಟಿ ಅನುಮಾನ ಇದ್ದಾಗ, ಅದೂ ಒಂದೋ ಎರಡೋ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕಾಗದಪತ್ರಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗೆ ಹಿಡಿಯಬೇಕಾದದ್ದೇ ಸರಿ. "ನನ್ನ ಕೈಯಲ್ಲಿ ಆಗುವುದಿಲ್ಲ" ಎನಿಸಿದರೂ ಈ ದಾರಿ ಮುಚ್ಚಿಹೋಗುವುದಿಲ್ಲ. ಈಗಾಗಲೇ ಸಂಗ್ರಹದಲ್ಲಿರುವ ಮಾದರಿಗಳ ಮೇಲಷ್ಟೇ ಕೆಲಸ ಮಾಡಿ ಒಳ್ಳೆಯ ವಿಜ್ಞಾನಿಗಳಾದವರು ಎಷ್ಟೋ ಜನ ಇದ್ದಾರೆ.

ರಸ್ತೆಯ ಪುನುಗು ಬೆಕ್ಕನ್ನು ತರದೇ ಇದ್ದದ್ದು ಒಳ್ಳೆಯದಾಯಿತು. ಸತ್ತ ವನ್ಯಜೀವಿ ಕಾನೂನಿನ ಪ್ರಕಾರ ಸರ್ಕಾರದ ಆಸ್ತಿ. ಓದುವುದಕ್ಕೆ ಅಂತ ತಂದೆ ಎಂದರೂ ಅನುಮತಿ ಇಲ್ಲದೆ ಬುರುಡೆ, ಚರ್ಮ ಇಟ್ಟುಕೊಳ್ಳುವುದು ಅಪರಾಧ. ಎಷ್ಟೋ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಮುಂದೆ ಸರ್ಕಾರಿ ಕೆಲಸ ಹುಡುಕುವವರ ಮೇಲೆ ಇಂಥ ಕೇಸು ಬಿದ್ದರೆ ಕಥೆ ಮುಗಿಯಿತು. ಎರಡನೆಯದು ರೇಬೀಸ್. ಸತ್ತ ಸಸ್ತನಿಯನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಮುಂದಿನ ಸಲ ಕಂಡರೆ ಪಕ್ಕದಲ್ಲಿ ಪೆನ್ನೋ ಚಪ್ಪಲಿಯೋ ಅಳತೆಗಿಟ್ಟು ಫೋಟೊ ತೆಗೆಯಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬಾಲದ ಪಟ್ಟೆ ಕಾಣುವ ಹಾಗೆ ಇನ್ನೊಂದು. ಜಾಗ, ತಾರೀಖು, ಹೊತ್ತು ಬರೆದುಕೊಳ್ಳಿ. ಅರಣ್ಯ ಇಲಾಖೆಗೆ ತಿಳಿಸಿ, ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಅದೂ ದಾಖಲೆಯೇ.

ಈಗ ಅಮ್ಮನ ಚಿಂತೆಗೆ ಬರೋಣ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಮ್ಮ ದೇಶದಲ್ಲಿ "ಸಸ್ತನಿ ವಿಜ್ಞಾನಿ, ಮ್ಯೂಸಿಯಂ" ಎಂಬ ಹುದ್ದೆಗಳು ಬೆರಳೆಣಿಕೆಯಷ್ಟು. ಮೈಸೂರಿನ ಕಾರಂಜಿ ಕೆರೆ ಪಕ್ಕದ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯದಂಥವು ಮುಖ್ಯವಾಗಿ ಜನರಿಗೆ ತೋರಿಸುವುದಕ್ಕೆ, ಮಕ್ಕಳಿಗೆ ಕಲಿಸುವುದಕ್ಕೆ ಇರುವಂಥವು. ನೀವು ಹುಡುಕುತ್ತಿರುವುದು ಸಂಶೋಧನಾ ಸಂಗ್ರಹ. ಅದು ದೊಡ್ಡ ಪ್ರಮಾಣದಲ್ಲಿ ಇರುವುದು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿ, ಅಂದರೆ 1916ರಲ್ಲಿ ಶುರುವಾದ ಜೆಡ್‌ಎಸ್‌ಐನಲ್ಲಿ, ಮತ್ತೆ ಮುಂಬಯಿಯ ಸೊಸೈಟಿಯಲ್ಲಿ. ಜೆಡ್‌ಎಸ್‌ಐಗೆ ಕರ್ನಾಟಕದಲ್ಲಿ ಪ್ರಾದೇಶಿಕ ಕೇಂದ್ರ ಇಲ್ಲ. ನಿಮಗೆ ಹತ್ತಿರದವು ಕೋಯಿಕ್ಕೋಡ್, ಪುಣೆ, ಚೆನ್ನೈ, ಹೈದರಾಬಾದ್. ಸೈಂಟಿಸ್ಟ್-ಬಿ ಎಂಬ ಆರಂಭದ ವಿಜ್ಞಾನಿ ಹುದ್ದೆಗೆ ಸೇರಿದರೆ ಮೂಲವೇತನ 56,100 ರೂಪಾಯಿಯಿಂದ ಶುರು. ಅದರ ಮೇಲೆ ಭತ್ಯೆಗಳು. ಕೆಲಸ ಭದ್ರ, ಸಂಗ್ರಹ ಕೈಗೆಟಕುತ್ತದೆ. ಆದರೆ ಹುದ್ದೆ ಕರೆಯುವುದು ಅಪರೂಪ. ಕರೆದಾಗಲೂ ಸಸ್ತನಿಯವರೇ ಬೇಕು ಎಂದು ಕರೆಯುತ್ತಾರೆ ಎಂಬ ಖಾತ್ರಿ ಇಲ್ಲ. ನಿಮ್ಮನ್ನು ತೆಗೆದುಕೊಂಡು ಹೋಗಿ ಬೇರೆ ಯಾವುದೋ ಪ್ರಾಣಿಗುಂಪಿನ ವಿಭಾಗಕ್ಕೆ ಹಾಕಿದರೂ ಹಾಕಬಹುದು. ಆ ಒಂದು ಬಾಗಿಲನ್ನೇ ನಂಬಿ ಕೂರಬೇಡಿ.

ಹೆಚ್ಚಿನವರು ಹಿಡಿಯುವ ದಾರಿ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಮಹಿಳೆಯರಿಗೆ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯೂ ಇದೆ. ಅಂದರೆ ಪಿಎಚ್.ಡಿ. ಮಾಡುವ ಐದು ವರ್ಷ ನೀವು ಮನೆಯವರ ಮುಂದೆ ಕೈ ಚಾಚಬೇಕಿಲ್ಲ. ಅಮ್ಮನಿಗೆ ಮೊದಲು ಹೇಳಬೇಕಾದ ಮಾತು ಇದು. ಅಪಾಯ ಇರುವುದು ಆಮೇಲೆ. ಪಿಎಚ್.ಡಿ. ಮುಗಿದು ಕಾಯಂ ಕೆಲಸ ಸಿಗುವ ತನಕ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಹಾರುವ ಮೂರು, ನಾಲ್ಕು, ಕೆಲವರಿಗೆ ಇನ್ನೂ ಹೆಚ್ಚು ವರ್ಷಗಳಿರುತ್ತವೆ. ಒಳ್ಳೆಯ ವಿದ್ಯಾರ್ಥಿಗಳು ಬಿಟ್ಟು ಹೋಗುವುದು ಈ ಹಂತದಲ್ಲಿ, ಅದರಲ್ಲೂ ಹೆಣ್ಣುಮಕ್ಕಳು. ಮನೆಯಲ್ಲಿ ಮದುವೆಯ ಮಾತು ಜೋರಾಗುವುದೂ ಅದೇ ಹೊತ್ತಿಗೆ. ಈಗಲೇ ಅಮ್ಮನ ಜೊತೆ ಕೂತು ಆ ವರ್ಷಗಳ ಬಗ್ಗೆ ಮಾತಾಡಿಕೊಳ್ಳಿ. ಕಾಲೇಜು ಅಧ್ಯಾಪಕರಾಗಲು ಬೇಕಾದ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಬರೆದಿಡಿ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಬಾವಲಿಗಳ ಮೇಲೆ ಕೆಲಸ ಮಾಡುವುದನ್ನು ಸೋಲು ಎಂದುಕೊಳ್ಳಬೇಡಿ. ಕಾಲೇಜಿನ ಹಳೇ ಪ್ರಯೋಗಾಲಯದಲ್ಲಿ ಧೂಳು ತಿನ್ನುತ್ತಿರುವ ಮಾದರಿಗಳನ್ನು ಎತ್ತಿ ನೋಡುವ ಒಬ್ಬ ಅಧ್ಯಾಪಕಿ ಎಷ್ಟೋ ಕಡೆ ಬೇಕಾಗಿದ್ದಾರೆ.

ವಿದೇಶದ ದಾರಿಯೂ ಇದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, ಶಿಕಾಗೋದ ಫೀಲ್ಡ್ ಮ್ಯೂಸಿಯಂ, ಬರ್ಕ್ಲಿಯ ವಿಶ್ವವಿದ್ಯಾಲಯದ ಮ್ಯೂಸಿಯಂಗಳಲ್ಲಿ ಸಂಗ್ರಹ ನೋಡಿಕೊಳ್ಳುವುದೇ ಒಂದು ಪ್ರತ್ಯೇಕ ವೃತ್ತಿ. ಅಲ್ಲಿ ತರಬೇತಿ ಬಹಳ ಚೆನ್ನಾಗಿರುತ್ತದೆ. ಆದರೆ ನಮ್ಮ ಪ್ರಾಣಿಗಳ ಮಾದರಿಗಳನ್ನು ಹಾಗೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಅನುಮತಿ ಬೇಕು. ನಮ್ಮ ನೆಲದ ಪ್ರಶ್ನೆ ಇಟ್ಟುಕೊಂಡು ಅಲ್ಲಿ ಪಿಎಚ್.ಡಿ. ಮಾಡಲು ಹೊರಟವರು ಈ ಕಾರಣಕ್ಕೆ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದನ್ನು ನೋಡಿದ್ದೇನೆ.

ನನ್ನ ಸ್ವಂತ ಸಲಹೆ ಕೇಳಿದರೆ, ಹುಲಿ ಆನೆಗಳ ಮೋಹ ಬಿಡಿ. ಭಾರತದಲ್ಲಿ 420ಕ್ಕೂ ಹೆಚ್ಚು ಬಗೆಯ ಸಸ್ತನಿಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾವಲಿ, ಇಲಿ, ಅಳಿಲು, ಮೂಗಿಲಿಗಳೇ. ಮೂಗಿಲಿ ಎಂದರೆ ರಾತ್ರಿ ಕೀಚ್ ಕೀಚ್ ಎನ್ನುತ್ತಾ ಗೋಡೆ ಬುಡದಲ್ಲಿ ಓಡುವ ಉದ್ದ ಮೂತಿಯದು. ಜನ ಅದನ್ನು ಇಲಿ ಎನ್ನುತ್ತಾರೆ. ಅದು ಇಲಿ ಅಲ್ಲ, ಹುಳ ತಿನ್ನುವ ಬೇರೆಯೇ ಜಾತಿ. ಹುಲಿಯ ಹಿಂದೆ ದೊಡ್ಡ ಸಾಲೇ ಇದೆ. ಮೂಗಿಲಿಯ ಹಲ್ಲು ನೋಡಿ ಹೆಸರು ಹೇಳಬಲ್ಲವರು ದೇಶದಲ್ಲಿ ತೀರಾ ಕಡಿಮೆ. ಅಂಥ ಒಬ್ಬರು ನೀವಾದರೆ ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ವೈದ್ಯಕೀಯ ಸಂಶೋಧನೆಯವರೂ ಬರುತ್ತಾರೆ. ನಿಮ್ಮ ಮಲೆನಾಡಿನಲ್ಲೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗ, ಅದನ್ನು ಹರಡುವ ಉಣ್ಣೆಗಳು (ರಕ್ತ ಹೀರುವ ಉಣುಗು) ಯಾವ ಪ್ರಾಣಿಯ ಮೈಮೇಲಿವೆ ಎಂದು ತಿಳಿಯಲು ಇಲಿ, ಅಳಿಲು, ಮೂಗಿಲಿಗಳನ್ನು ಗುರುತಿಸಬಲ್ಲವರು ಬೇಕಾದರು. 1993ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಕಡೆ ಹಂಟಾ ವೈರಸ್ ಜನರನ್ನು ಕೊಂದಾಗ, ಇದು ಹೊಸದಾಗಿ ಬಂದ ರೋಗವಾ ಎಂಬ ಗಾಬರಿ ಹುಟ್ಟಿತು. ಮ್ಯೂಸಿಯಂನಲ್ಲಿ ಮೊದಲೇ ತಂಪಿನಲ್ಲಿ ಕಾಪಾಡಿದ್ದ ಇಲಿಗಳ ಅಂಗಾಂಶದಲ್ಲಿ ಅದೇ ವೈರಸ್ ಸಿಕ್ಕಿತು. ಅದು ಅಲ್ಲಿನ ಇಲಿಗಳಲ್ಲಿ ಮೊದಲಿನಿಂದಲೇ ಇತ್ತು. ಆ ಇಲಿಗಳನ್ನು ಕೂಡಿಸಿಟ್ಟವರಿಗೆ ಈ ಪ್ರಶ್ನೆ ಬರುತ್ತದೆ ಎಂಬ ಸುಳಿವೂ ಇರಲಿಲ್ಲ.

ಇಲ್ಲೇ ಇನ್ನೊಂದು ಮಾತು. ಗೈಡ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಅಮ್ಮನ ಎರಡನೇ ಭಯಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ರಾತ್ರಿ ಕಾಡಿನ ಕೆಲಸ ಇದೆ, ಇಲ್ಲ ಎನ್ನುವುದಿಲ್ಲ. ಬಾವಲಿ ಹಗಲಲ್ಲಿ ಬಲೆಗೆ ಬರುವುದಿಲ್ಲವಲ್ಲ. ಆದರೆ ಒಬ್ಬರೇ ಹೋಗುವುದು ಯಾವ ಒಳ್ಳೆಯ ತಂಡದಲ್ಲೂ ಇಲ್ಲ. ಕನಿಷ್ಠ ಇಬ್ಬರು, ಜೊತೆಗೆ ಜಾಗ ಬಲ್ಲ ಸ್ಥಳೀಯರೊಬ್ಬರು, ವಾಹನ, ವಾಪಸ್ ಬರುವ ಹೊತ್ತು ಗೊತ್ತಿರುವ ಇನ್ನೊಬ್ಬರು ಊರಲ್ಲಿ. ಸೇರುವ ಮೊದಲೇ ಈ ನಿಯಮಗಳ ಬಗ್ಗೆ ಕೇಳಿ. "ಅದೆಲ್ಲ ನೋಡ್ಕೊಳ್ಳೋಣ ಬಿಡಿ" ಎನ್ನುವವರ ಹತ್ತಿರ ಸೇರಬೇಡಿ. ಹೊರಡುವ ಮುಂಚೆಯೇ ರೇಬೀಸ್ ಲಸಿಕೆ ಹಾಕಿಸುವ, ಉಣ್ಣೆಯಿಂದ ಹೇಗೆ ಜೋಪಾನ ಎಂದು ಹೇಳಿಕೊಡುವ ಗೈಡ್ ಸಿಕ್ಕರೆ ಅಲ್ಲಿ ಸೇರಿಕೊಳ್ಳಿ. ಮ್ಯೂಸಿಯಂ ಒಳಗೂ ಎಚ್ಚರ ಬೇಕು. ಹಳೇ ಚರ್ಮಗಳಿಗೆ ಹುಳ ಹಿಡಿಯದಿರಲಿ ಎಂದು ಪಾಷಾಣ ಸವರುತ್ತಿದ್ದರು. ಕೈಗವಸು ಇಲ್ಲದೆ ಡ್ರಾಯರ್ ಮುಟ್ಟಬಾರದು. ಕೆಲಸದ ಮೇಜಿನ ಮೇಲೆ ಕಾಫಿ ಲೋಟ ಇಡಬಾರದು.

ನಿಮ್ಮ ಪಾಳು ದೇವಸ್ಥಾನಕ್ಕೆ ಬರೋಣ. ಖಂಡಿತ ಅಲ್ಲಿಂದಲೇ ಶುರು ಮಾಡಬಹುದು, ಹಿಡಿಯದೆ, ಮುಟ್ಟದೆ. ಒಳಗೆ ಹೋಗುವುದಕ್ಕಿಂತ ಹೊರಗೆ ನಿಲ್ಲಿ. ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಬೂಷ್ಟು ಇರಬಹುದು. ಮರಿ ಹಾಕಿರುವ ಹೊತ್ತಿನಲ್ಲಿ ನೀವು ಒಳಗೆ ಹೋದರೆ ತಾಯಂದಿರು ಗಾಬರಿಯಾಗಿ ಹಾರಿ ಮರಿಗಳು ಕೆಳಗೆ ಬೀಳುತ್ತವೆ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಸಂಜೆ ಹೊತ್ತು ಮುಳುಗುವ ಮುಂಚೆ ಬಾಗಿಲಿನಿಂದ ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ. ಮೊದಲ ಬಾವಲಿ ಹೊರಬಂದ ಹೊತ್ತು ಬರೆದುಕೊಳ್ಳಿ. ಅರ್ಧ ಗಂಟೆ ಎಣಿಸಿ. ತಿಂಗಳಿಗೆ ಎರಡು ಸಲ, ಒಂದು ವರ್ಷ, ಬಿಡದೆ. ಮಳೆ ಇತ್ತಾ, ಬೆಳದಿಂಗಳಿತ್ತಾ, ಅದನ್ನೂ ಬರೆಯಿರಿ. ಪಿಎಚ್.ಡಿ. ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ಇಡಿ. ನಾನು ಆಯ್ಕೆ ಸಮಿತಿಯಲ್ಲಿ ಕೂತಾಗಲೆಲ್ಲ ಮೊದಲು ಕೈ ಹಾಕಿದ್ದು ಅಂಥ ನೋಟ್‌ಬುಕ್ಕಿಗೇ.

ಒಂದು ದಿನ ಬೈನಾಕ್ಯುಲರ್ ಸಿಕ್ಕರೆ, ಹೊರಗೆ ನಿಂತು ಬಾಗಿಲ ಹತ್ತಿರ ನೇತಾಡುವ ಬಾವಲಿಯ ಮುಖ ನೋಡಿ. ಮೂಗಿನ ಮೇಲೆ ಎಲೆಯಂಥ ಮಡಿಕೆ ಇದೆಯಾ? ಇದ್ದರೆ ಅದು ಕುದುರೆ ಲಾಳದ ಆಕಾರವಾ, ಇಲ್ಲ ಅಗಲ ಎಲೆಯ ಹಾಗಾ? ಬಾಲ ಹೊರಗೆ ಕಾಣುತ್ತಾ? ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ, ಕಂಡ ಹಾಗೆ ಗೀಚಿ, ತಾರೀಖು ಹಾಕಿ ನನಗೆ ಕಳಿಸಿ.